ರೋಗಿಯ ಮಾನ, ಲೋಕದ ಕಾನೂನು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಡಹಬ್ಬದ ಈ ಸಂಜೆಯಲ್ಲಿ, ಹಾಡು, ನಾಟಕ, ಮಕ್ಕಳ ಕುಣಿತ ಇವುಗಳ ನಡುವೆ ರೋಗರುಜಿನದ ಮಾತನ್ನೆತ್ತುವುದು ಅಷ್ಟು ಶುಭವಲ್ಲವೆಂದು ಕೆಲವರಿಗೆ ತೋರಬಹುದು. ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಕಾರ್ಯದರ್ಶಿಗಳು ನಮಗೇ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟದ್ದಕ್ಕಾಗಿ ಅವರು ಈಗ ಪಶ್ಚಾತ್ತಾಪಪಡುತ್ತಿರಲೂಬಹುದು. ಆದರೂ ಊರು ಬಿಟ್ಟು ಬಂದು ಪರನಾಡಿನಲ್ಲಿ ಬಾಳುತ್ತಿರುವ ನಮ್ಮಂಥವರಿಗೆ ಇದು ಹೊರಗಿನ ವಿಷಯವಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ.

ಸಾಂಕ್ರಾಮಿಕ ರೋಗ ಬಂದಾಗ ಮೊಟ್ಟಮೊದಲು ಸಂಶಯಕ್ಕೆ ಗುರಿಯಾಗುವವನು ಯಾರು? ಹೊರಗಿನಿಂದ ಬಂದವನು. ಇಲ್ಲಿಯವರಿಗೆ ಅವನು ಅಲ್ಲಿಯವನು. ಅಲ್ಲಿಯವರಿಗೆ ಅವನು ಇಲ್ಲಿಂದ ರೋಗ ಹೊತ್ತು ತಂದವನು. ಅವನನ್ನು ತಡೆದು ನಿಲ್ಲಿಸುವ ಅಧಿಕಾರ ಸರಕಾರಕ್ಕೆ ಎಷ್ಟರಮಟ್ಟಿಗೆ ಉಂಟು, ತಡೆದ ಮೇಲೆ ಅವನನ್ನು ಹೇಗೆ ನಡೆಸಿಕೊಳ್ಳತಕ್ಕದ್ದು ಎಂಬುದನ್ನು ಕುರಿತು ಲೋಕದ ರಾಷ್ಟ್ರಗಳು ಕೂಡಿ ನಿಯಮಗಳನ್ನು ಮಾಡಿಕೊಂಡಿವೆ. ಆ ನಿಯಮಗಳು ಬೆಳೆದುಬಂದ ಕಥೆಯಲ್ಲಿ ನಾವು ಈಗ ಕುಳಿತಿರುವ ಮುಂಬಯಿಗೆ ದೊಡ್ಡ ಪಾತ್ರವುಂಟು. ಆ ಕಥೆಯನ್ನೂ, ಕೊನೆಯಲ್ಲಿ ನಮ್ಮದೇ ಒಂದು ತಪ್ಪನ್ನೂ ತಮ್ಮ ಮುಂದೆ ಇಡುತ್ತೇವೆ.

೧೮೯೬ನೆಯ ಇಸವಿಯ ಸೆಪ್ಟೆಂಬರ್ ತಿಂಗಳು. ಬಂದರಿಗೆ ಸಮೀಪದ ಮಾಂಡವಿಯ ಇಕ್ಕಟ್ಟಾದ ಮನೆಗಳಲ್ಲಿ ಜನರಿಗೆ ಜ್ವರ ಬರತೊಡಗಿತು. ತೊಡೆಯ ಸಂದಿನಲ್ಲಿ, ಕಂಕುಳಲ್ಲಿ ಗಡ್ಡೆ ಎದ್ದು ನಾಲ್ಕಾರು ದಿನಗಳಲ್ಲಿ ಪ್ರಾಣ ಹೋಗತೊಡಗಿತು. ಇದು ಪ್ಲೇಗೆಂದು ಗುರುತಿಸಿದವರು ಗೋವೆಯ ಮೂಲದ ವೈದ್ಯರಾದ ಡಾಕ್ಟರ್ ಅಕಾಸಿಯೊ ವಿಯೇಗಸ್ ಅವರು. ಪ್ಲೇಗಿನ ರೋಗಾಣುವನ್ನು ಎರಡು ವರ್ಷಗಳ ಹಿಂದೆ, ೧೮೯೪ರಲ್ಲಿ, ಹಾಂಗ್‌ಕಾಂಗಿನಲ್ಲಿ ಕಂಡುಹಿಡಿಯಲಾಗಿತ್ತು. ಆದರೆ ಅದು ಒಬ್ಬರಿಂದ ಒಬ್ಬರಿಗೆ ಹೇಗೆ ಹರಡುತ್ತದೆಂಬುದು ಇನ್ನೂ ತಿಳಿದಿರಲಿಲ್ಲ. ಕೊಳೆಯಿಂದ, ಕೆಟ್ಟ ಗಾಳಿಯಿಂದ, ರೋಗಿಯ ಮೈಯಿಂದ, ಅವನ ಬಟ್ಟೆಬರೆಗಳಿಂದ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು.

ತಿಳಿವಳಿಕೆ ಇಲ್ಲದ ಕಡೆ ಬಲಪ್ರಯೋಗ ಮುಂದೆ ಬಂತು. ಅಕ್ಟೋಬರಿನಲ್ಲಿಯೇ ರೋಗಿಗಳನ್ನು ಬಲವಂತದಿಂದ ಆಸ್ಪತ್ರೆಗೆ ಸಾಗಿಸುವ ಅಧಿಕಾರವನ್ನು ನಗರಪಾಲಿಕೆ ಕೈಗೆ ತೆಗೆದುಕೊಂಡಿತು. ಆಸ್ಪತ್ರೆಗೆ ಹೋದವರು ಹಿಂದಿರುಗಿ ಬರುವುದು ಅಪರೂಪವಾಗಿತ್ತು. ಆದುದರಿಂದ ಜನರಿಗೆ ಅದು ಆಸ್ಪತ್ರೆಯಾಗಿ ಕಾಣದೆ ಯಮನ ಅಂಗಳವಾಗಿ ಕಂಡಿತು. ಅಕ್ಟೋಬರ್ ೨೯ರಂದು ಸುಮಾರು ಸಾವಿರ ಗಿರಣಿ ಕೂಲಿಕಾರರು ಆರ್ಥರ್ ರೋಡಿನ ಆಸ್ಪತ್ರೆಯ ಮೇಲೆ ನುಗ್ಗಿದರು.

೧೮೯೭ರ ಫೆಬ್ರವರಿ ೪ರಂದು ಹಿಂದೂಸ್ಥಾನ ಸರಕಾರ ಸಾಂಕ್ರಾಮಿಕ ರೋಗಗಳ ಕಾಯದೆಯನ್ನು ಜಾರಿಗೆ ತಂದಿತು. ಅದರಲ್ಲಿದ್ದುದು ನಾಲ್ಕೇ ನಾಲ್ಕು ಕಲಮುಗಳು. ಒಂದು ಕಲಮು ಕಾಯದೆಯ ಹೆಸರನ್ನು ಹೇಳುತ್ತದೆ. ಇನ್ನೊಂದು ಬೇಕಾದ ಕ್ರಮ ಕೈಗೊಳ್ಳುವ ಅಧಿಕಾರವನ್ನು ಸರಕಾರಕ್ಕೆ ಕೊಡುತ್ತದೆ. ಮತ್ತೊಂದು ಮೀರಿದವರಿಗೆ ಶಿಕ್ಷೆ ವಿಧಿಸುತ್ತದೆ. ಉಳಿದೊಂದು ಸದ್ಭಾವನೆಯಿಂದ ನಡೆದ ಅಧಿಕಾರಿಗಳ ಮೇಲೆ ದಾವೆ ಹೂಡಕೂಡದೆಂದು ಹೇಳುತ್ತದೆ. ರೋಗಿಗೆ ಊಟ, ಔಷಧ, ಮನೆಯವರ ಭೇಟಿ, ಸುಟ್ಟ ಸಾಮಾನಿಗೆ ಪರಿಹಾರ, ಅನ್ಯಾಯವಾದರೆ ದೂರು ಹೇಳಿಕೊಳ್ಳುವ ಜಾಗ, ಇವುಗಳಲ್ಲಿ ಒಂದರ ಮಾತೂ ಅದರಲ್ಲಿ ಇರಲಿಲ್ಲ.

ಮುಂದೆ ನಡೆದುದನ್ನು ಹಿರಿಯರ ಬಾಯಿಂದ ತಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಮನೆಮನೆಯನ್ನು ಶೋಧಿಸಿದರು. ಗೋಡೆಗಳ ಮೇಲೆ ಗುರುತು ಬಳಿದರು. ಹಾಸಿಗೆ ಬಟ್ಟೆಗಳನ್ನು ಬೀದಿಗೆ ತಂದು ಸುಟ್ಟರು. ರೈಲು ನಿಲ್ದಾಣಗಳಲ್ಲಿ ಗಂಡಸು ಹೆಂಗಸರೆನ್ನದೆ ಇಳಿಸಿ ನಿಲ್ಲಿಸಿ ಮೈ ಮುಟ್ಟಿ ಪರೀಕ್ಷಿಸಿದರು. ಪುಣೆಯಲ್ಲಿ ಈ ಕೆಲಸಕ್ಕೆ ಸೈನಿಕರನ್ನೇ ಹಚ್ಚಿದರು. ಪ್ಲೇಗಿನ ಅಧಿಕಾರಿಯಾಗಿದ್ದ ರ್‍ಯಾಂಡ್ ಎಂಬಾತನ ಮೇಲೆ ೧೮೯೭ರ ಜೂನ್ ೨೨ರ ರಾತ್ರಿ ಚಾಪೇಕರ್ ಸೋದರರು ಗುಂಡು ಹಾರಿಸಿದುದೂ, ಅದೇ ವರ್ಷ ಲೋಕಮಾನ್ಯ ತಿಲಕರಿಗೆ ರಾಜದ್ರೋಹದ ಆಪಾದನೆಯ ಮೇಲೆ ಹದಿನೆಂಟು ತಿಂಗಳ ಸೆರೆವಾಸ ಪ್ರಾಪ್ತವಾದುದೂ ಇತಿಹಾಸ ಪ್ರಸಿದ್ಧವಾಗಿವೆ.

ಇಷ್ಟೆಲ್ಲ ಬಲಪ್ರಯೋಗದಿಂದ ಪ್ಲೇಗು ನಿಂತಿತೆ? ನಿಲ್ಲಲಿಲ್ಲ. ಜನ ರೋಗಿಗಳನ್ನು ಅಟ್ಟದ ಮೇಲೆ, ಕೋಣೆಯ ಮೂಲೆಯಲ್ಲಿ ಬಚ್ಚಿಟ್ಟರು. ಸತ್ತವರನ್ನು ಗುಟ್ಟಾಗಿ ಸಾಗಿಸಿದರು. ಲಕ್ಷಗಟ್ಟಲೆ ಜನ ಮುಂಬಯಿ ಬಿಟ್ಟು ಓಡಿದರು. ರೈಲಿನ ದಾರಿ ಹಿಡಿದು ಪ್ಲೇಗು ಧಾರವಾಡ ಹುಬ್ಬಳ್ಳಿಗಳನ್ನು ಹೊಕ್ಕಿತು. ೧೮೯೮ರಲ್ಲಿ ಬೆಂಗಳೂರನ್ನು ಮುಟ್ಟಿತು. ನಮ್ಮ ಅಜ್ಜ ಮುತ್ತಜ್ಜಂದಿರು ಊರಿಗೆ ಊರೇ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದುದು ಆಗಲೇ. ಕನ್ನಡ ನಾಡಿನಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದುದೂ ಆ ಕಾಲದ ಭಯದಿಂದಲೇ.

ಇನ್ನೊಂದು ವಿಚಿತ್ರವನ್ನು ನೋಡಿರಿ. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುತ್ತದೆಂದು ಪಾಲ್ ಲೂಯಿ ಸಿಮಾಂ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದುದು ೧೮೯೮ರಲ್ಲಿ. ಅದನ್ನು ಎಲ್ಲರೂ ಒಪ್ಪಲು ಮತ್ತೆ ಎಷ್ಟೋ ವರ್ಷಗಳು ಹಿಡಿದವು. ಎಂದರೆ, ಸರಕಾರ ಮನುಷ್ಯರನ್ನು ಹಿಡಿದು ಕೂಡಿಹಾಕುತ್ತಿದ್ದ ಕಾಲದಲ್ಲಿ ಇಲಿ ನೆಮ್ಮದಿಯಾಗಿ ಗೋಡೆಯ ಸಂದಿನಲ್ಲಿ ಓಡಾಡುತ್ತಿತ್ತು. ಅರಿವು ಅರೆಬರೆಯಾಗಿರುವಾಗ ಅಧಿಕಾರ ಕೈಬಿಗಿಹಿಡಿದು ನಡೆಯಬೇಕೆಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಉದಾಹರಣೆ ನಮಗೆ ಗೊತ್ತಿಲ್ಲ.

ಅದೇ ಮುಂಬಯಿಯಲ್ಲಿ ಇನ್ನೊಂದು ದಾರಿಯೂ ತೆರೆಯಿತು. ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ ೧೮೯೭ರ ಜನವರಿ ೧೦ರಂದು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಪರೇಲಿನಲ್ಲಿ ಅವರ ಹೆಸರಿನ ಸಂಸ್ಥೆ ಇಂದಿಗೂ ಇದೆ. ೧೮೯೮ರಲ್ಲಿ ಹುಬ್ಬಳ್ಳಿಯೊಂದರಲ್ಲಿಯೇ ಹತ್ತಾರು ಸಾವಿರ ಜನ ಈ ಲಸಿಕೆಯನ್ನು ಚುಚ್ಚಿಸಿಕೊಂಡರು. ಬಲಾತ್ಕಾರದ ಕ್ರಮಗಳಿಂದ ಲಾಭಕ್ಕಿಂತ ಹಾನಿಯೇ ಹೆಚ್ಚೆಂಬುದು ಕೊನೆಗೆ ಸರಕಾರಕ್ಕೂ ಮನವರಿಕೆಯಾಗಿ, ಶತಮಾನ ಮುಗಿಯುವ ಹೊತ್ತಿಗೆ ಅದು ಕೈ ಸಡಿಲಿಸಿತು.

ಆದರೆ ಹಾಫ್‌ಕಿನ್ನರು ತಮ್ಮ ನಂತರ ಲಸಿಕೆಯನ್ನು ಪರೀಕ್ಷಿಸಿದುದು ಬೈಖಳಾ ಜೈಲಿನ ಕೈದಿಗಳ ಮೇಲೆ. ಅವರು ಸ್ವಂತ ಇಚ್ಛೆಯಿಂದ ಮುಂದೆ ಬಂದರೆಂದು ಆಗ ಹೇಳಲಾಯಿತು. ಬೀಗದ ಒಳಗಿರುವವನ ಇಚ್ಛೆ ಎಷ್ಟು ಸ್ವಂತದ್ದು ಎಂಬ ಪ್ರಶ್ನೆಯನ್ನು ಅಂದು ಯಾರೂ ಬಹಳವಾಗಿ ಕೇಳಲಿಲ್ಲ. ಆ ಪ್ರಶ್ನೆಗೆ ಲೋಕ ಕಿವಿಗೊಡಬೇಕಾದರೆ ಇನ್ನೂ ಐವತ್ತು ವರ್ಷ, ಎರಡು ಮಹಾಯುದ್ಧಗಳು ಬೇಕಾದವು.

ಇನ್ನು ಲೋಕದ ಕಾನೂನಿನ ಕಡೆಗೆ ಬರೋಣ. ಮುಂಬಯಿಯಲ್ಲಿ ಸರಕಾರ ಅಷ್ಟೊಂದು ಅವಸರಪಟ್ಟುದೇಕೆ? ರೋಗಿಗಳ ಮೇಲಿನ ಕನಿಕರ ಒಂದೇ ಕಾರಣವಲ್ಲ. ೧೮೯೭ರ ಫೆಬ್ರವರಿ ಮಾರ್ಚಿಗಳಲ್ಲಿ ವೆನಿಸ್ ನಗರದಲ್ಲಿ ಪ್ಲೇಗನ್ನೇ ಕುರಿತು ಅಂತರರಾಷ್ಟ್ರೀಯ ಆರೋಗ್ಯ ಸಮ್ಮೇಳನ ಕೂಡಿತ್ತು. ಹಿಂದೂಸ್ಥಾನದ ಹಡಗುಗಳಿಗೆ ಯುರೋಪಿನ ಬಂದರುಗಳು ಮುಚ್ಚಿಹೋದಾವೆಂಬ ಭಯ ಬ್ರಿಟಿಷರಿಗಿತ್ತು. ಆ ವರ್ಷ ಮುಂಬಯಿಯಿಂದ ಹೊರಡುವ ಹಜ್ ಯಾತ್ರೆಯನ್ನೂ ತಡೆಹಿಡಿದರು.

ಈ ಸಮ್ಮೇಳನಗಳ ಪರಂಪರೆ ಆರಂಭವಾದುದು ೧೮೫೧ರಲ್ಲಿ, ಪ್ಯಾರಿಸಿನಲ್ಲಿ. ಹನ್ನೆರಡು ರಾಷ್ಟ್ರಗಳು ಒಬ್ಬ ವೈದ್ಯನನ್ನೂ ಒಬ್ಬ ರಾಯಭಾರಿಯನ್ನೂ ಕಳಿಸಿದ್ದವು. ವೈದ್ಯ ರೋಗದ ಮಾತಾಡಿದ; ರಾಯಭಾರಿ ವ್ಯಾಪಾರದ ಮಾತಾಡಿದ. ರೋಗಿಯ ಪರವಾಗಿ ಮಾತಾಡಲು ಮೂರನೆಯವನೊಬ್ಬನನ್ನು ಯಾವ ರಾಷ್ಟ್ರವೂ ಕಳಿಸಿರಲಿಲ್ಲ. ಎಲ್ಲರೂ ಒಪ್ಪುವ ಮೊದಲ ಕರಾರು ಆಗಬೇಕಾದರೆ ೧೮೯೨ರವರೆಗೆ ಕಾಯಬೇಕಾಯಿತು. ಹೀಗೆ ಅಂತರರಾಷ್ಟ್ರೀಯ ಆರೋಗ್ಯ ಕಾನೂನು ಹುಟ್ಟಿದುದು ಸರಕನ್ನೂ ಹಡಗನ್ನೂ ಕಾಪಾಡುವುದಕ್ಕಾಗಿ. ಮನುಷ್ಯನು ಅದರಲ್ಲಿ ರೋಗವನ್ನು ಹೊರುವ ಒಂದು ಗಂಟು ಮಾತ್ರ ಆಗಿದ್ದನು.

ಈ ಮನೋಭಾವ ಬದಲಾದುದು ಎರಡನೆಯ ಮಹಾಯುದ್ಧದ ಅನಂತರ. ನಾಜಿ ವೈದ್ಯರು ಸೆರೆಶಿಬಿರಗಳ ಬಂದಿಗಳ ಮೇಲೆ ನಡೆಸಿದ ಕ್ರೂರ ಪ್ರಯೋಗಗಳನ್ನು ನ್ಯೂರೆಂಬರ್ಗಿನ ನ್ಯಾಯಾಲಯ ವಿಚಾರಿಸಿತು. ೧೯೪೭ರ ಆಗಸ್ಟಿನಲ್ಲಿ ಹೊರಬಂದ ಆ ತೀರ್ಪಿನಲ್ಲಿ ಹತ್ತು ಸೂತ್ರಗಳಿದ್ದವು. ಮೊದಲನೆಯದೇ ಇದು: ಪ್ರಯೋಗಕ್ಕೆ ಒಳಗಾಗುವವನ ಸ್ವಂತ ಒಪ್ಪಿಗೆ ಇರಲೇಬೇಕು. ಬೈಖಳಾ ಜೈಲಿನಲ್ಲಿ ಕೇಳದೆ ಬಿಟ್ಟ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತೆನ್ನಬಹುದು.

ಅದೇ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹುಟ್ಟಿತು. ಅದರ ಸಂವಿಧಾನಕ್ಕೆ ೧೯೪೬ರ ಜುಲೈ ೨೨ರಂದು ನ್ಯೂಯಾರ್ಕಿನಲ್ಲಿ ಸಹಿಗಳಾದವು; ೧೯೪೮ರ ಏಪ್ರಿಲ್ ೭ರಂದು ಅದು ಜಾರಿಗೆ ಬಂತು. ಜನಾಂಗ, ಮತ, ರಾಜಕೀಯ ನಂಬಿಕೆ, ಆರ್ಥಿಕ ಸಾಮಾಜಿಕ ಸ್ಥಿತಿ ಇವುಗಳ ಭೇದವಿಲ್ಲದೆ, ದೊರೆಯಬಹುದಾದ ಅತ್ಯುತ್ತಮ ಆರೋಗ್ಯವನ್ನು ಪಡೆಯುವುದು ಪ್ರತಿಯೊಬ್ಬ ಮನುಷ್ಯನ ಮೂಲಭೂತ ಹಕ್ಕು ಎಂದು ಅದರ ಪೀಠಿಕೆ ಸಾರಿತು. ಆರೋಗ್ಯ ದಾನವಲ್ಲ, ಹಕ್ಕು. ಅದೇ ೧೯೪೮ರ ಡಿಸೆಂಬರಿನಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಹೊರಟಿತು. ಅದರ ಮೊದಲ ವಿಧಿಯಲ್ಲಿ ಗಂಡಸರನ್ನು ಮಾತ್ರ ಸೂಚಿಸುವಂತಿದ್ದ ಮಾತನ್ನು ತೆಗೆಸಿ ‘ಎಲ್ಲ ಮಾನವರು’ ಎಂದು ಮಾಡಿಸಿದವರು ಭಾರತದ ಪ್ರತಿನಿಧಿಯಾಗಿದ್ದ ಹಂಸಾ ಮೆಹತಾ ಅವರೆಂಬುದು ನಮಗೆ ಹೆಮ್ಮೆಯ ಸಂಗತಿ.

ಇಲ್ಲಿ ತಮ್ಮಲ್ಲಿ ಒಬ್ಬರು ಎದ್ದು ಕೇಳಬಹುದು: ‘ಸ್ವಾಮಿ, ಹಕ್ಕು ಹಕ್ಕು ಎನ್ನುತ್ತ ಕುಳಿತರೆ ರೋಗ ನಿಲ್ಲುತ್ತದೆಯೇ? ಅಂಟುರೋಗದವನನ್ನು ಬೀದಿಯಲ್ಲಿ ಬಿಡಲಾದೀತೆ?’ ನ್ಯಾಯವಾದ ಪ್ರಶ್ನೆ. ಬಿಡಲಾಗದು. ಒಬ್ಬನ ಸ್ವಾತಂತ್ರ್ಯದಷ್ಟೇ ನೆರೆಯವನ ಪ್ರಾಣವೂ ದೊಡ್ಡದು. ರೋಗಿಯನ್ನು ಬೇರೆಯಾಗಿ ಇಡುವುದು ತಪ್ಪೆಂದು ಯಾವ ಕಾನೂನೂ ಹೇಳುವುದಿಲ್ಲ. ಆದರೆ ಹಾಗೆ ಇಡುವ ಮುನ್ನ ಕೆಲವು ಪ್ರಶ್ನೆಗಳಿಗೆ ಸರಕಾರ ಉತ್ತರ ಕೊಡಬೇಕು. ೧೯೮೪ರಲ್ಲಿ ಸಿಸಿಲಿ ದ್ವೀಪದ ಸಿರಕೂಸದಲ್ಲಿ ಕೂಡಿದ ಕಾನೂನು ಪಂಡಿತರು ಇಂಥ ಪ್ರಶ್ನೆಗಳನ್ನು ಕ್ರಮಪಡಿಸಿಕೊಟ್ಟರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅವು ಐದು. ಈ ನಿರ್ಬಂಧಕ್ಕೆ ಕಾನೂನಿನ ಆಧಾರವುಂಟೆ? ಇದರ ಉದ್ದೇಶ ನಿಜವಾಗಿಯೂ ಜನಹಿತವೆ? ಇದು ಅವಶ್ಯವೆ? ಇದಕ್ಕಿಂತ ಕಡಿಮೆ ನೋವಿನ ಬೇರೆ ಉಪಾಯವಿಲ್ಲವೆ? ಇದು ಎಲ್ಲರಿಗೂ ಸಮವಾಗಿ ಅನ್ವಯಿಸುತ್ತದೆಯೆ, ಇಲ್ಲವೆ ಬಡವನ ಮೇಲೆ, ಪರದೇಶಿಯ ಮೇಲೆ ಮಾತ್ರ ಬೀಳುತ್ತದೆಯೆ? ೧೮೯೭ರ ಪ್ಲೇಗಿನ ಕ್ರಮಗಳು ಮೊದಲ ಪ್ರಶ್ನೆಯನ್ನು ದಾಟಿಯಾವು. ಆದರೆ ಕೊನೆಯ ಮೂರರಲ್ಲಿ ನಪಾಸಾಗುವುದರಲ್ಲಿ ಸಂದೇಹವಿಲ್ಲ.

ಮನುಷ್ಯನಿಗೆ ಹೇಗೋ ರಾಷ್ಟ್ರಕ್ಕೂ ಹಾಗೆಯೇ. ೧೯೯೪ರ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಪ್ಲೇಗು ಕಾಣಿಸಿಕೊಂಡ ಸುದ್ದಿ ಹರಡಿದಾಗ ಲಕ್ಷಾಂತರ ಜನ ಆ ಊರು ಬಿಟ್ಟರು. ಆಗ ಎಷ್ಟೋ ದೇಶಗಳು ಭಾರತಕ್ಕೆ ಬರುವ ವಿಮಾನಗಳನ್ನೇ ನಿಲ್ಲಿಸಿದವು; ನಮ್ಮ ಸರಕುಗಳನ್ನು ತಡೆದವು. ಅಂದಿನ ಅಂತರರಾಷ್ಟ್ರೀಯ ನಿಯಮಗಳು ಇಷ್ಟು ಉಗ್ರವಾದ ಕ್ರಮವನ್ನು ಬೇಡಿರಲಿಲ್ಲ. ಮತ್ತೆ ೨೦೨೧ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕದ ವಿಜ್ಞಾನಿಗಳು ಕೋವಿಡಿನ ಹೊಸ ರೂಪವನ್ನು ಕಂಡುಹಿಡಿದು ಪ್ರಾಮಾಣಿಕವಾಗಿ ಲೋಕಕ್ಕೆ ತಿಳಿಸಿದರು. ತಿಳಿಸಿದುದಕ್ಕೆ ಅವರ ದೇಶಕ್ಕೆ ಸಂದ ಬಹುಮಾನವೆಂದರೆ ವಿಮಾನಗಳ ಬಂದಿ. ನಿಜ ಹೇಳಿದವನಿಗೆ ದಂಡ ಬಿದ್ದರೆ ಮುಂದಿನವನು ಬಾಯಿ ಬಿಡುವನೆ? ೧೮೯೬ರಲ್ಲಿ ಅಟ್ಟದ ಮೇಲೆ ರೋಗಿಯನ್ನು ಬಚ್ಚಿಟ್ಟ ತಾಯಿ ಮಾಡಿದುದನ್ನೇ ನಾಳೆ ಒಂದು ಸರಕಾರವೂ ಮಾಡೀತು.

ಇಂಥ ಅನುಭವಗಳನ್ನೆಲ್ಲ ಕಂಡು ಹಳೆಯ ನಿಯಮಗಳನ್ನು ತಿದ್ದಿ ಬರೆದುದೇ ೨೦೦೫ರ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿ. ೨೦೦೭ರ ಜೂನ್ ೧೫ರಿಂದ ಅದು ಜಾರಿಯಲ್ಲಿದೆ. ೧೯೬ ರಾಷ್ಟ್ರಗಳು ಅದಕ್ಕೆ ಬದ್ಧವಾದವು. ಮನುಷ್ಯರ ಘನತೆ, ಹಕ್ಕು, ಸ್ವಾತಂತ್ರ್ಯಗಳನ್ನು ಪೂರ್ಣವಾಗಿ ಗೌರವಿಸಿಯೇ ಈ ನಿಯಮಗಳನ್ನು ನಡೆಸತಕ್ಕದ್ದೆಂದು ಅದರ ಮೂರನೆಯ ವಿಧಿ ಹೇಳುತ್ತದೆ. ಪ್ರಯಾಣಿಕನಿಗೆ ವಿಷಯವನ್ನು ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆಯನ್ನಾಗಲಿ ಲಸಿಕೆಯನ್ನಾಗಲಿ ಮಾಡಕೂಡದೆಂಬುದು ಸಾಮಾನ್ಯ ನಿಯಮ. ಸನ್ನಿಹಿತ ಅಪಾಯವಿದ್ದಾಗ ಬಲವಂತ ಮಾಡಬಹುದಾದರೂ ಅತ್ಯಂತ ಕಡಿಮೆ ನೋವಿನ ಮಾರ್ಗವನ್ನೇ ಹಿಡಿಯಬೇಕು. ಕಾವಲಿನಲ್ಲಿ ಇಟ್ಟ ಪ್ರಯಾಣಿಕನಿಂದ ಅದರ ಖರ್ಚನ್ನು ಸಾಮಾನ್ಯವಾಗಿ ವಸೂಲು ಮಾಡಬಾರದು.

ಈ ನಿಯಮಾವಳಿಯ ಮೂವತ್ತೆರಡನೆಯ ವಿಧಿಯನ್ನು ತಾವು ವಿಶೇಷವಾಗಿ ನೆನಪಿನಲ್ಲಿಡಬೇಕೆಂದು ನಮ್ಮ ಪ್ರಾರ್ಥನೆ. ಬೇರೆಯಾಗಿ ಇರಿಸಲ್ಪಟ್ಟ ಪ್ರಯಾಣಿಕನಿಗೆ ಸಾಕಷ್ಟು ಅನ್ನ ನೀರು, ತಕ್ಕ ವಸತಿ ಮತ್ತು ಬಟ್ಟೆ, ಸಾಮಾನಿನ ರಕ್ಷಣೆ, ಚಿಕಿತ್ಸೆ ಇವುಗಳನ್ನು ಒದಗಿಸಬೇಕೆಂದು ಹೇಳಿ, ಅದು ಇನ್ನೊಂದು ಮಾತನ್ನೂ ಸೇರಿಸುತ್ತದೆ: ಸಾಧ್ಯವಾದ ಮಟ್ಟಿಗೆ, ಅವನಿಗೆ ತಿಳಿಯುವ ಭಾಷೆಯಲ್ಲಿ ಅವನೊಡನೆ ಮಾತುಕತೆಗೆ ಅನುಕೂಲ ಮಾಡಿಕೊಡಬೇಕು. ನೋಡಿದಿರಾ! ಅನ್ನ, ನೀರು, ಬಟ್ಟೆಗಳ ಸಾಲಿನಲ್ಲಿಯೇ ಭಾಷೆಯೂ ಬಂದಿದೆ. ಕನ್ನಡ ಸಂಘದ ವೇದಿಕೆಯ ಮೇಲೆ ಈ ವಿಷಯವನ್ನು ಎತ್ತಿದುದೇಕೆಂದು ಇಷ್ಟು ಹೊತ್ತು ಯೋಚಿಸುತ್ತಿದ್ದವರಿಗೆ ಈಗ ಉತ್ತರ ಸಿಕ್ಕಿರಬೇಕು.

ಆದರೆ ಕಾಗದದ ಮೇಲಿನ ನಿಯಮ ಬೇರೆ, ಕಷ್ಟಕಾಲದ ನಡತೆ ಬೇರೆ. ೨೦೨೦ರಲ್ಲಿ ಕೋವಿಡ್ ಬಂದಾಗ ನಮ್ಮ ದೇಶ ಕೈಗೆತ್ತಿಕೊಂಡ ಕಾಯದೆಗಳಲ್ಲಿ ೧೮೯೭ರ ಆ ಹಳೆಯ ಕಾಯದೆಯೂ ಒಂದು. ಆ ವರ್ಷ ವೈದ್ಯರು ದಾದಿಯರ ಮೇಲೆ ಹಲ್ಲೆ ಮಾಡುವವರಿಗೆ ಶಿಕ್ಷೆ ವಿಧಿಸುವ ಒಳ್ಳೆಯ ತಿದ್ದುಪಡಿ ಅದಕ್ಕೆ ಆಯಿತು. ರೋಗಿಯ ಹಕ್ಕಿನ ಮಾತು ಆ ತಿದ್ದುಪಡಿಯಲ್ಲಿಯೂ ಬರಲಿಲ್ಲ. ಮಾರ್ಚ್ ೨೪ರ ರಾತ್ರಿ ಎಂಟು ಗಂಟೆಗೆ ಪ್ರಕಟವಾದ ಲಾಕ್‌ಡೌನ್ ಅದೇ ನಡುರಾತ್ರಿ ಜಾರಿಗೆ ಬಂತು. ಕೂಲಿಯವರು ಗಂಟುಮೂಟೆ ಹೊತ್ತು ಹೆದ್ದಾರಿಗಳಲ್ಲಿ ನಡೆದುಹೋದುದನ್ನು ನಾವೆಲ್ಲ ಕಣ್ಣಾರೆ ಕಂಡೆವು. ಪರದೇಶಗಳಿಂದ ವಿಮಾನದಲ್ಲಿ ಮರಳಿದ ನಮ್ಮ ಎಷ್ಟೋ ಜನರು ಹೋಟೆಲಿನಲ್ಲಿ ಇಟ್ಟ ದಿನಗಳ ಖರ್ಚನ್ನು ತಾವೇ ತೆತ್ತರು.

ಆ ಮಾರ್ಚಿಯ ಕೊನೆಯಲ್ಲಿ ಕರ್ನಾಟಕ ಕೇರಳಗಳ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಲಾಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ತಲಪಾಡಿಯಿಂದ ಹಿಂದಿರುಗಬೇಕಾಯಿತು. ಸಕಾಲದಲ್ಲಿ ಚಿಕಿತ್ಸೆ ಸಿಗದೆ ಕೆಲವರು ತೀರಿಕೊಂಡ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ಚಿಕಿತ್ಸೆಗೆ ಹೋಗುವವರಿಗೆ ದಾರಿ ಬಿಡಿಸಬೇಕೆಂದು ಕೇರಳದ ಹೈಕೋರ್ಟು ಏಪ್ರಿಲ್ ೧ರಂದು ಕೇಂದ್ರ ಸರಕಾರಕ್ಕೆ ಅಪ್ಪಣೆ ಮಾಡಿತು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ತುರ್ತು ರೋಗಿಗಳನ್ನು ಬಿಡುವ ಒಪ್ಪಂದವಾಯಿತು. ಮೇ ತಿಂಗಳಲ್ಲಿ ಮಹಾರಾಷ್ಟ್ರ, ಗುಜರಾತ, ತಮಿಳುನಾಡು, ಕೇರಳಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಕರ್ನಾಟಕ ಸರಕಾರ ಸಾರಿತು. ಮುಂಬಯಿಯಿಂದ ಹೋದವರಲ್ಲಿ ಆಗ ರೋಗ ಹೆಚ್ಚಾಗಿ ಕಾಣುತ್ತಿದ್ದುದು ನಿಜ. ಸರಕಾರದ ಭಯ ಸುಳ್ಳಲ್ಲ. ಆದರೂ ಗಡಿಯ ಆಚೆ ಮಕ್ಕಳುಮರಿಗಳನ್ನು ಕಟ್ಟಿಕೊಂಡು ನಿಂತವನಿಗೆ ಏನೆನಿಸಿರಬೇಡ? ೧೯೫೬ರ ನವೆಂಬರ್ ೧ರಂದು ನಮ್ಮನ್ನು ಕೂಡಿಸುವುದಕ್ಕೆಂದು ಎಳೆದ ಗೆರೆ ಅಂದು ನಮಗೇ ಬೇಲಿಯಾಯಿತು.

ನಮ್ಮ ದೇಶವೊಂದೇ ಹೀಗೆ ಮಾಡಿತೆಂದು ತಿಳಿಯಬೇಡಿ. ೨೦೨೧ರ ಮೇ ೩ರಿಂದ ೧೫ರವರೆಗೆ, ಭಾರತದಲ್ಲಿದ್ದ ತನ್ನ ಪ್ರಜೆಗಳೇ ತಾಯ್ನಾಡಿಗೆ ಮರಳಿದರೆ ಐದು ವರ್ಷಗಳವರೆಗೆ ಸೆರೆ ಇಲ್ಲವೆ ೬೬,೬೦೦ ಡಾಲರುಗಳವರೆಗೆ ದಂಡವೆಂದು ಆಸ್ಟ್ರೇಲಿಯ ಸಾರಿತ್ತು. ಸ್ವದೇಶಕ್ಕೆ ಮರಳುವ ಹಕ್ಕನ್ನು ಯಾರಿಂದಲೂ ಮನಬಂದಂತೆ ಕಿತ್ತುಕೊಳ್ಳಬಾರದೆಂದು ೧೯೬೬ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆ ಹೇಳುತ್ತದೆ. ಮನೆಗೆ ಬಂದವನನ್ನು ಹದಿನಾಲ್ಕು ದಿನ ಬೇರೆ ಕೋಣೆಯಲ್ಲಿ ಇಡುವುದು ಒಂದು. ಮನೆಯ ಬಾಗಿಲನ್ನೇ ತೆರೆಯದಿರುವುದು ಇನ್ನೊಂದು.

ನ್ಯಾಯಾಲಯಗಳು ಕೆಲವು ಸಲ ದಾರಿ ತೋರಿದವು. ರೋಗಿಯ ಮನೆಯ ಬಾಗಿಲಿಗೆ ಚೀಟಿ ಅಂಟಿಸುವುದನ್ನು, ಕಾನೂನಿನ ಪ್ರಕಾರ ಅಧಿಕಾರವುಳ್ಳವರ ನಿರ್ದಿಷ್ಟ ಅಪ್ಪಣೆಯಿಲ್ಲದೆ ಮಾಡಬಾರದೆಂದು ೨೦೨೦ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಯಾರಿಗೂ ಬಲವಂತದಿಂದ ಲಸಿಕೆ ಹಾಕಬಾರದು, ಮೈಯ ಮೇಲಿನ ಅಧಿಕಾರ ಸಂವಿಧಾನದ ೨೧ನೆಯ ವಿಧಿಯ ಭಾಗ ಎಂದು ೨೦೨೨ರ ಮೇ ೨ರಂದು ತೀರ್ಪಿತ್ತಿತು; ಜನಹಿತಕ್ಕಾಗಿ ಸರಕಾರ ಯುಕ್ತವಾದ ಮಿತಿಗಳನ್ನು ಹಾಕಬಹುದೆಂದೂ ಅದೇ ತೀರ್ಪು ಹೇಳಿತು. ಲೋಕಮಟ್ಟದಲ್ಲಿಯೂ ೨೦೨೪ರಲ್ಲಿ ನಿಯಮಾವಳಿಯನ್ನು ತಿದ್ದಿ ಸಮತೆ ಮತ್ತು ಸಹಕಾರಗಳ ಮಾತನ್ನು ಸೇರಿಸಿದರು. ೨೦೨೫ರ ಮೇ ೨೦ರಂದು ಮಹಾಮಾರಿಗಳನ್ನು ಕುರಿತ ಹೊಸ ಒಪ್ಪಂದವನ್ನು ವಿಶ್ವ ಆರೋಗ್ಯ ಸಭೆ ಅಂಗೀಕರಿಸಿತು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಈ ಕಾನೂನುಗಳಿಗೆ ಪೋಲೀಸರಿಲ್ಲ; ಅವು ನಿಂತಿರುವುದು ಜನರ ಮನಸ್ಸಿನ ಮೇಲೆ. ಆದುದರಿಂದ ಮೊದಲೇ ಹೇಳಿದ ನಮ್ಮ ತಪ್ಪಿನ ಕಡೆಗೆ ಈಗ ಬರುತ್ತೇವೆ.

ನಾವಿರುವ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ಕುಂದಾಪುರದ ಕಡೆಯ ಒಬ್ಬ ಹೆಣ್ಣುಮಗಳು ಇದ್ದಾಳೆ. ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ. ೨೦೨೦ರ ಏಪ್ರಿಲಿನಲ್ಲಿ ನಮ್ಮ ಸೊಸಾಯಿಟಿಯ ಸಮಿತಿ, ರೋಗ ಶಮನವಾಗುವವರೆಗೆ ಆಕೆ ಆಸ್ಪತ್ರೆಯಲ್ಲಿಯೇ ಉಳಿಯತಕ್ಕದ್ದೆಂದು ಠರಾವು ಮಾಡಿತು. ಆ ಠರಾವಿಗೆ ಬಿದ್ದ ಸಹಿಗಳಲ್ಲಿ ನಮ್ಮದೂ ಒಂದು. ಅಂದು ರಾತ್ರಿಪಾಳಿ ಮುಗಿಸಿ ಬಂದ ಆಕೆಯನ್ನು ವಾಚ್‌ಮನ್ ಗೇಟಿನಲ್ಲಿ ತಡೆದ. ‘ಅಣ್ಣಾ, ಆಸ್ಪತ್ರೆಯಲ್ಲೇ ಮಿಂದು ಬಟ್ಟೆ ಬದಲಿಸಿ ಬಂದಿದ್ದೇನೆ. ಅಮ್ಮ ಒಬ್ಬರೇ ಇದ್ದಾರೆ,’ ಎಂದು ಆಕೆ ನಮ್ಮನ್ನು ಕುರಿತು ಹೇಳಿದಳು. ಮೇಲೆ ಗ್ಯಾಲರಿಯಲ್ಲಿ ನಿಂತಿದ್ದ ನಾವು ಉತ್ತರ ಕೊಡದೆ ಒಳಗೆ ಬಂದೆವು. ಸಿರಕೂಸದ ಐದು ಪ್ರಶ್ನೆಗಳಲ್ಲಿ ಒಂದನ್ನಾದರೂ ನಾವು ಕೇಳಿಕೊಂಡೆವೆ? ನಮ್ಮ ಠರಾವಿಗೆ ಕಾನೂನಿನ ಆಧಾರವೇ ಇರಲಿಲ್ಲ. ಆಕೆ ಇಪ್ಪತ್ತಮೂರು ದಿನ ಹೊರಗೆ ಕಳೆದಳು.

ಮೇ ತಿಂಗಳಲ್ಲಿ ಮೊದಲನೆಯ ಮಾಳಿಗೆಯ ಹಿರಿಯರೊಬ್ಬರಿಗೆ ಜ್ವರ ಬಂತು. ಗದಗಿನ ಕಡೆಯವರು, ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ಜ್ವರದ ಸುದ್ದಿಯನ್ನು ಅವರು ಎಂಟು ದಿನ ಯಾರಿಗೂ ತಿಳಿಸಲಿಲ್ಲ. ಕೆಮ್ಮು ಕೇಳಿಸಬಾರದೆಂದು ರೇಡಿಯೋ ಹಚ್ಚಿಡುತ್ತಿದ್ದರಂತೆ. ಅವರು ಹೆದರಿದುದು ರೋಗಕ್ಕಲ್ಲ, ನಮ್ಮ ಸಮಿತಿಗೆ. ಉಸಿರು ಹಿಡಿದ ಮೇಲೆಯೇ ಸಂಗತಿ ಬಯಲಿಗೆ ಬಂತು. ಆಗ ಫೋನಿನ ಮೇಲೆ ಫೋನು ಮಾಡಿ ಹಾಸಿಗೆ ದೊರಕಿಸಿಕೊಟ್ಟವಳು ನಾವು ಗೇಟಿನ ಹೊರಗೆ ನಿಲ್ಲಿಸಿದ ಅದೇ ಹೆಣ್ಣುಮಗಳು. ಒಪ್ಪಿಗೆಯ ಕಾಗದ ಇಂಗ್ಲಿಷಿನಲ್ಲಿತ್ತು. ಅದನ್ನು ಓದಿ, ಯಾವ ಚಿಕಿತ್ಸೆ, ಏನು ಅಪಾಯ ಎಂಬುದನ್ನು ಕನ್ನಡದಲ್ಲಿ ತಿಳಿಸಿ, ಆಮೇಲೆ ಅವರ ಸಹಿ ತೆಗೆದುಕೊಂಡಳು. ಮನೆಯವರನ್ನು ಒಳಗೆ ಬಿಡುವಂತಿರಲಿಲ್ಲ. ಹಿರಿಯರು ನಾಲ್ಕನೆಯ ದಿನ ತೀರಿಕೊಂಡರು. ಆ ನಾಲ್ಕು ದಿನ ಅವರ ಕಿವಿಗೆ ಬಿದ್ದ ಕನ್ನಡ ಆಕೆಯದೊಂದೇ.

ಎಂಟು ದಿನ ಮುಂಚೆ ಆಸ್ಪತ್ರೆಗೆ ಹೋಗಿದ್ದರೆ ಅವರು ಉಳಿಯುತ್ತಿದ್ದರೋ ಇಲ್ಲವೋ ದೇವರೇ ಬಲ್ಲ. ಆದರೆ ಆ ಎಂಟು ದಿನಗಳನ್ನು ಅವರಿಂದ ಕಸಿದುಕೊಂಡವರು ನಾವೆಂಬುದು ನಮಗೆ ಗೊತ್ತು. ನೂರಿಪ್ಪತ್ತು ವರ್ಷಗಳ ಹಿಂದಿನ ಪ್ಲೇಗಿನ ಸಿಪಾಯಿಯನ್ನು ಹಳಿಯುತ್ತ ಬಂದ ನಾವೇ ಅವನ ಪೋಷಾಕು ತೊಟ್ಟು ನಿಂತಿದ್ದೆವು. ಆಮೇಲೆ ಆಕೆಯ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಆಕೆ ಹೆಚ್ಚು ಮಾತಾಡಲಿಲ್ಲ. ‘ಕೂತುಕೊಳ್ಳಿ ಅಣ್ಣ’ ಎಂದು ಕಾಫಿ ತಂದಿಟ್ಟಳು. ಈ ವೃತ್ತಾಂತವನ್ನು ಸಭೆಯಲ್ಲಿ ಹೇಳಲು ಆಕೆಯ ಒಪ್ಪಿಗೆಯನ್ನೂ, ಆ ಹಿರಿಯರ ಮಗನ ಒಪ್ಪಿಗೆಯನ್ನೂ ಪಡೆದೇ ಬಂದಿದ್ದೇವೆ.

ಇಷ್ಟರಿಂದ ನಮಗೆ ತಿಳಿದುಬಂದುದು ಒಂದೇ ಸಂಗತಿ. ರೋಗಿಯನ್ನು ಅಪರಾಧಿಯಂತೆ ಕಂಡರೆ ರೋಗ ಬಚ್ಚಿಟ್ಟುಕೊಳ್ಳುತ್ತದೆ. ಬಚ್ಚಿಟ್ಟುಕೊಂಡ ರೋಗ ಎಲ್ಲರನ್ನೂ ತಿನ್ನುತ್ತದೆ. ರೋಗಿಯ ಮಾನವನ್ನು ಕಾಯುವುದು ದಯೆಯ ಮಾತು ಮಾತ್ರವಲ್ಲ, ಊರನ್ನು ಕಾಯುವ ಉಪಾಯವೂ ಅದೇ.

ಕೊನೆಯದಾಗಿ ಸಂಘದ ಮುಂದೆ ಎರಡು ಸಣ್ಣ ಸೂಚನೆಗಳು. ಈ ನಗರದಲ್ಲಿರುವ ಕನ್ನಡ ಬಲ್ಲ ವೈದ್ಯರು, ನರ್ಸುಗಳು, ವಕೀಲರು ಇವರ ಒಂದು ಪಟ್ಟಿಯನ್ನು ಸಂಘ ತಯಾರಿಸಿಡಲಿ. ಆಸ್ಪತ್ರೆಯ ಒಪ್ಪಿಗೆಯ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಬಲ್ಲ ಹತ್ತು ಮಂದಿ ತರುಣ ತರುಣಿಯರು ಹೆಸರು ಕೊಡಲಿ. ಎರಡನೆಯದು, ಮುಂದೆ ಯಾವ ರೋಗವೇ ಬರಲಿ, ರೋಗಿಗೂ ಅವನ ಶುಶ್ರೂಷೆ ಮಾಡಿ ಬಂದವರಿಗೂ ನಮ್ಮ ಕಟ್ಟಡಗಳ ಬಾಗಿಲನ್ನು ಮುಚ್ಚುವ ಠರಾವಿಗೆ ನಮ್ಮ ಸದಸ್ಯರಲ್ಲಿ ಒಬ್ಬರೂ ಸಹಿ ಹಾಕದಿರಲಿ. ಮೊದಲನೆಯ ಕೆಲಸಕ್ಕೆ ನಮ್ಮ ಹೆಸರನ್ನು ಈ ಸಂಜೆಯೇ ಬರೆಸಿದ್ದೇವೆ. ಎರಡನೆಯದಕ್ಕೆ ನಮ್ಮ ಮಾತನ್ನು ಇಲ್ಲಿ, ತಮ್ಮೆಲ್ಲರ ಎದುರಿನಲ್ಲಿ ಕೊಡುತ್ತಿದ್ದೇವೆ.